ಪ್ಲಾಜಾ ಅವರದ್ದು, ದಾರಿ ಯಾರದ್ದು? ಖಾಸಗಿ ಒಡೆತನದ ಸಾರ್ವಜನಿಕ ಜಾಗದಲ್ಲಿ ಸೈಕಲ್ ಓಡಿಸುವವರಿಗೆ ಒಂದು ಕಾನೂನು ಕೈಪಿಡಿ

ಆಫೀಸ್ ಕಟ್ಟಡಗಳ ನಡುವೆ ಕಲ್ಲು ಹಾಸಿದ ಅಗಲವಾದ ಜಾಗ. ಬೆಂಚು, ಕಾರಂಜಿ, ನಾಲ್ಕು ಗಿಡ. ಗೇಟೂ ಇಲ್ಲ, ಬೇಲಿಯೂ ಇಲ್ಲ. ಜನ ಆ ಕಡೆಯಿಂದ ಈ ಕಡೆಗೆ ಆರಾಮಾಗಿ ಓಡಾಡುತ್ತಿರುತ್ತಾರೆ. ಅದರ ಮಧ್ಯೆ ಸೈಕಲ್ ತುಳಿದುಕೊಂಡು ಹೊರಟವರಿಗೆ ಮಾತ್ರ ಸೆಕ್ಯುರಿಟಿ ಗಾರ್ಡ್ ಕೈ ಅಡ್ಡ ಹಿಡಿಯುತ್ತಾರೆ. "ಇದು ಪ್ರೈವೇಟ್ ಜಾಗ, ಇಳೀರಿ."

ಇಲ್ಲಿ ಜನ ಎರಡು ಥರ ಎಡವುತ್ತಾರೆ. ಕೆಲವರು ಏನೋ ದೊಡ್ಡ ಅಪರಾಧ ಆಗಿಹೋಯ್ತು ಅಂತ ಹೆದರುತ್ತಾರೆ. ಇನ್ನು ಕೆಲವರು "ಎಲ್ಲರೂ ಓಡಾಡೋ ಜಾಗ, ನನಗೂ ಹಕ್ಕಿದೆ" ಅಂತ ಜಗಳಕ್ಕೇ ನಿಲ್ಲುತ್ತಾರೆ. ಸಾಮಾನ್ಯವಾಗಿ ಇಬ್ಬರದ್ದೂ ತಪ್ಪು. ಜಾಗದ ಮಾಲೀಕರು ಯಾರು ಅನ್ನುವುದು ಅಷ್ಟು ಮುಖ್ಯವಲ್ಲ. ನೀವು ಅಲ್ಲಿ ಹಕ್ಕಿನ ಮೇಲೆ ಇದ್ದೀರೋ, ಅವರ ಅನುಮತಿಯ ಮೇಲೆ ಇದ್ದೀರೋ, ಅನುಮತಿ ಮೀರಿದರೆ ಅದು ಮಾಲೀಕರ ಜೊತೆಗಿನ ತಕರಾರಾಗಿ ಉಳಿಯುತ್ತದೋ ಅಥವಾ ಪೊಲೀಸ್ ಕೇಸೇ ಆಗುತ್ತದೋ, ಇದನ್ನು ಬಿಡಿಸಿಕೊಂಡರೆ ಮುಕ್ಕಾಲು ಭಾಗ ಗೊಂದಲ ಕಳೆಯುತ್ತದೆ.

ಕಾನೂನು ದೇಶದಿಂದ ದೇಶಕ್ಕೆ ಬೇರೆ. ಇಲ್ಲಿ ಮುಖ್ಯವಾಗಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಕಾನೂನು ಹಿಡಿದು ಹೇಳುತ್ತೇನೆ, ನಡುನಡುವೆ ನ್ಯೂಯಾರ್ಕ್, ಸ್ಕಾಟ್ಲೆಂಡ್ ಬರುತ್ತವೆ. ಬೇರೆ ಕಡೆ ಇರುವವರು ಸೆಕ್ಷನ್ ನಂಬರ್ ಬಿಟ್ಟು ಪ್ರಶ್ನೆಗಳ ಕ್ರಮವನ್ನಷ್ಟೇ ಇಟ್ಟುಕೊಳ್ಳಬಹುದು. ವಿಷಯ ಕೋರ್ಟ್ ತನಕ ಹೋದರೆ ವಕೀಲರನ್ನೇ ಕೇಳಿ.

ಹಂತ 1: ಹಕ್ಕೋ, ಅನುಮತಿಯೋ?

ಯಾರೋ ತಮ್ಮ ಮನೆ ಜಗಲಿಯಲ್ಲಿ ದಾರಿಹೋಕರನ್ನು ಕೂರಲು ಬಿಡುತ್ತಾರೆ ಅಂದುಕೊಳ್ಳಿ. ಕೂತವರು ಕಳ್ಳರಲ್ಲ. ಆದರೆ ಮನೆಯವರು "ಸಾಕು, ಏಳಿ" ಅಂದರೆ ಏಳಬೇಕು. ಇಂಥ ಪ್ಲಾಜಾಗಳಲ್ಲಿ ನಿಮ್ಮ ಸ್ಥಿತಿ ಹೆಚ್ಚುಕಮ್ಮಿ ಇಷ್ಟೇ. ತೆರೆದಿಟ್ಟಿದ್ದಾರೆ ಅಂದರೆ ಬರಬಹುದು ಅನ್ನುವ ಅನುಮತಿ ಇದೆ ಅಂತ ಅರ್ಥ. ಆ ಅನುಮತಿಗೆ ಷರತ್ತು ಹಾಕಬಹುದು. ನಡೆದು ಬನ್ನಿ, ಸೈಕಲ್ ಬೇಡ ಅನ್ನುವುದೂ ಒಂದು ಷರತ್ತೇ.

ಇದು ಕೋರ್ಟ್‌ನಲ್ಲಿ ಪರೀಕ್ಷೆಯಾಗಿರುವ ವಿಷಯ. ಇಂಗ್ಲೆಂಡಿನ ವೆಲಿಂಗ್‌ಬರೋದಲ್ಲಿ ಒಂದು ಶಾಪಿಂಗ್ ಸೆಂಟರ್‌ನವರು ಕೆಲವು ಯುವಕರಿಗೆ ಒಳಗೆ ಬರಲೇಬೇಡಿ ಅಂದರು. 1995ರಲ್ಲಿ ಅಪೀಲು ಕೋರ್ಟ್ ಮಾಲೀಕರ ಪರ ತೀರ್ಪು ಕೊಟ್ಟಿತು. 2003ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಕೂಡ ವಾಷಿಂಗ್ಟನ್ ಅನ್ನುವ ಇಂಗ್ಲೆಂಡಿನ ಊರಿನ ಪ್ರಕರಣದಲ್ಲಿ, ಖಾಸಗಿ ಶಾಪಿಂಗ್ ಸೆಂಟರ್ ಒಳಗೆ ಸಹಿ ಸಂಗ್ರಹ ಮಾಡಲು ಬಿಡದೇ ಇದ್ದದ್ದು ಹಕ್ಕಿನ ಉಲ್ಲಂಘನೆ ಅಲ್ಲ ಅಂದಿತು. 2011ರಲ್ಲಿ ಲಂಡನ್ನಿನ ಪ್ಯಾಟರ್‌ನಾಸ್ಟರ್ ಚೌಕದ ಮಾಲೀಕರು ಪ್ರತಿಭಟನಾಕಾರರು ಬರುವ ಮುಂಚೆಯೇ ಹೈಕೋರ್ಟ್ ತಡೆಯಾಜ್ಞೆ ತಂದರು. ಪ್ರತಿಭಟನಾಕಾರರು ಕೊನೆಗೆ ಪಕ್ಕದ ಸೇಂಟ್ ಪಾಲ್ಸ್ ಚರ್ಚ್ ಮುಂದೆ ಡೇರೆ ಹಾಕಿದರು. ಮಾತಾಡುವ ಹಕ್ಕಿಗೇ ಇಷ್ಟು ಕಷ್ಟ ಇರುವಾಗ ಸೈಕಲ್ ಹಕ್ಕು ತಾನಾಗಿಯೇ ಇರುತ್ತದೆ ಅಂದುಕೊಳ್ಳಬೇಡಿ.

ಆದರೆ ಖಾಸಗಿ ನೆಲದ ಮೇಲೂ ಸಾರ್ವಜನಿಕ ದಾರಿಯ ಹಕ್ಕು ಇರಬಹುದು, ಇದನ್ನು ಬಹಳ ಜನ ಮರೆಯುತ್ತಾರೆ. ನೆಲ ಒಬ್ಬರದ್ದು, ಅದರ ಮೇಲೆ ಹಾದುಹೋಗುವ ಹಕ್ಕು ಎಲ್ಲರದ್ದು. ಹಾಗಿದ್ದರೆ ಗಾರ್ಡ್ ಎಷ್ಟೇ ಕೂಗಿದರೂ ಮಾಲೀಕರು ಅದನ್ನು ಸುಮ್ನೆ ಕಿತ್ತುಕೊಳ್ಳಲು ಆಗುವುದಿಲ್ಲ. ಪ್ರಶ್ನೆ ಅದು ಯಾವ ಥರದ ದಾರಿ ಅನ್ನುವುದು. ಕುದುರೆ ಸವಾರರ ದಾರಿಯಾದರೆ 1968ರ ಕಂಟ್ರಿಸೈಡ್ ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ ಸೈಕಲ್‌ಗೂ ಹಕ್ಕಿದೆ, ನಡೆಯುವವರಿಗೂ ಕುದುರೆಗೂ ದಾರಿ ಬಿಡಬೇಕು ಅಷ್ಟೇ. ಬರೀ ಕಾಲ್ದಾರಿಯಾದರೆ ನಡೆಯುವ ಹಕ್ಕು ಮಾತ್ರ. ಶಾಪಿಂಗ್ ಸೆಂಟರ್‌ಗಳಲ್ಲಿ 1980ರ ಹೈವೇಸ್ ಕಾಯ್ದೆಯ 35ನೇ ಸೆಕ್ಷನ್ ಕೆಳಗೆ ಕೌನ್ಸಿಲ್ (ಊರಿನ ಸ್ಥಳೀಯ ಆಡಳಿತ) ಜೊತೆ ಒಪ್ಪಂದ ಮಾಡಿಕೊಂಡ ನಡಿಗೆ ದಾರಿಗಳು ಇರುತ್ತವೆ. ಅವೂ ನಡೆಯುವವರಿಗೇ.

ಹಂತ 2: ದಾಖಲೆ ನೋಡಿ

ಗಾರ್ಡ್ ಹೇಳಿದ್ದೂ ನಂಬಬೇಡಿ, ಗೆಳೆಯರು ಹೇಳಿದ್ದೂ ನಂಬಬೇಡಿ. ದಾಖಲೆ ಇದೆ, ಹುಡುಕುವುದು ಅಂಥ ಕಷ್ಟವೂ ಅಲ್ಲ.

ಮೊದಲು ಕೌನ್ಸಿಲ್ ಇಟ್ಟಿರುವ ರಸ್ತೆಗಳ ಪಟ್ಟಿ. ಸಾರ್ವಜನಿಕ ಖರ್ಚಿನಲ್ಲಿ ನಿರ್ವಹಣೆ ಆಗುವ ಎಲ್ಲ ರಸ್ತೆ, ದಾರಿಗಳ ಪಟ್ಟಿ ಇದು. 1980ರ ಕಾಯ್ದೆಯ ಪ್ರಕಾರ ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ನಿಮ್ಮ ಪ್ಲಾಜಾದ ಅಂಚಿನ ಒಂದು ತುಂಡು ನೆಲ ಅದರಲ್ಲಿ ಸೇರಿದ್ದರೂ ಇರಬಹುದು. ಕಟ್ಟಡದವರು ಹಾಸಿದ ಕಲ್ಲೂ ಕೌನ್ಸಿಲ್ ಫುಟ್‌ಪಾತ್ ಕಲ್ಲೂ ಒಂದೇ ಥರ ಇದ್ದರೆ ಗಡಿ ಎಲ್ಲಿ ಅಂತ ಕಣ್ಣಿಗೆ ಗೊತ್ತೇ ಆಗುವುದಿಲ್ಲ, ಗಾರ್ಡ್‌ಗೂ ಗೊತ್ತಿರುವುದಿಲ್ಲ.

ಎರಡನೆಯದು ಸಾರ್ವಜನಿಕ ದಾರಿಗಳ ಅಧಿಕೃತ ನಕ್ಷೆ. ಅದರಲ್ಲಿ ಇದ್ದರೆ ಹಕ್ಕು ಇದೆ ಅಂತ ಖಚಿತ. ಇಲ್ಲದಿದ್ದರೆ ಹಕ್ಕೇ ಇಲ್ಲ ಅಂತ ಅಲ್ಲ. ಲಂಡನ್ನಿನ ಒಳಭಾಗದ ಬರೋಗಳಿಗೆ, ಅಂದರೆ ಅಲ್ಲಿನ ಆಡಳಿತ ವಿಭಾಗಗಳಿಗೆ, ಇಂಥ ನಕ್ಷೆ ಮಾಡುವ ಕಡ್ಡಾಯವೇ ಇಲ್ಲ, ವಿಚಿತ್ರ ಅಲ್ವಾ? ಖಾಸಗಿ ಪ್ಲಾಜಾಗಳು ಜಾಸ್ತಿ ಇರುವುದೇ ಅಲ್ಲಿ.

ಮೂರನೆಯದೇ ನನ್ನ ಪ್ರಕಾರ ನಿಜವಾದ ನಿಧಿ. ಕಟ್ಟಡಕ್ಕೆ ಅನುಮತಿ ಕೊಡುವಾಗ ಕೌನ್ಸಿಲ್ ಮತ್ತು ಬಿಲ್ಡರ್ ನಡುವೆ 1990ರ ಪ್ಲಾನಿಂಗ್ ಕಾಯ್ದೆಯ 106ನೇ ಸೆಕ್ಷನ್ ಕೆಳಗೆ ಒಪ್ಪಂದ ಆಗಿರುತ್ತದೆ. ಕೌನ್ಸಿಲ್‌ನ ಪ್ಲಾನಿಂಗ್ ದಾಖಲೆಗಳಲ್ಲಿ ಅರ್ಜಿ ನಂಬರ್ ಹಿಡಿದು ಹುಡುಕಿದರೆ ಸಿಗುತ್ತದೆ. ಉದ್ದ ಇರುತ್ತದೆ, ಪೂರ್ತಿ ಓದಬೇಕಿಲ್ಲ. ಸಾರ್ವಜನಿಕ ಪ್ರವೇಶ, ಸೈಕಲ್, ಮುಚ್ಚುವ ದಿನಗಳು, ಈ ಮೂರನ್ನು ಹುಡುಕಿ. "ನಡೆಯುವವರಿಗೆ ಮತ್ತು ಸೈಕಲ್ ಸವಾರರಿಗೆ ಹಗಲು ರಾತ್ರಿ ತೆರೆದಿರಬೇಕು" ಅನ್ನುವ ಥರದ ಸಾಲು ಸಿಕ್ಕರೆ ಬೋರ್ಡ್ ಹಾಕಿದವರೇ ಒಪ್ಪಂದ ಮುರಿದಿದ್ದಾರೆ. ಒಂದು ತೊಡಕಿದೆ. ಆ ಒಪ್ಪಂದವನ್ನು ಜಾರಿ ಮಾಡಿಸುವ ಅಧಿಕಾರ ಕೌನ್ಸಿಲ್‌ಗೆ, ನಿಮಗಲ್ಲ. ಸಾಲು ತೋರಿಸಿ ಗಾರ್ಡ್ ಜೊತೆ ವಾದ ಮಾಡುವುದಕ್ಕಿಂತ ಅದೇ ಸಾಲನ್ನು ಕೌನ್ಸಿಲ್‌ನ ಪ್ಲಾನಿಂಗ್ ಜಾರಿ ವಿಭಾಗಕ್ಕೆ ಕಳಿಸುವುದು ವಾಸಿ.

ನ್ಯೂಯಾರ್ಕ್‌ನಲ್ಲೂ ಕಥೆ ಹೀಗೆಯೇ. 1961ರ ಜೋನಿಂಗ್ ನಿಯಮ, ಅಂದರೆ ಎಲ್ಲಿ ಏನು ಎಷ್ಟು ಕಟ್ಟಬಹುದು ಅನ್ನುವ ನಿಯಮ, ಬಿಲ್ಡರ್‌ಗಳಿಗೆ ಒಂದು ಆಸೆ ತೋರಿಸಿತು: ಜನರಿಗೆ ಪ್ಲಾಜಾ ಬಿಟ್ಟುಕೊಡಿ, ಬದಲಿಗೆ ಜಾಸ್ತಿ ಮಹಡಿ ಕಟ್ಟಿಕೊಳ್ಳಿ. ಅಲ್ಲಿ ಇಂಥ ಜಾಗಗಳು ಈಗ 550ಕ್ಕೂ ಹೆಚ್ಚಿವೆ. ಯಾವ ಜಾಗ ಎಷ್ಟು ಹೊತ್ತು ತೆರೆದಿರಬೇಕು ಅನ್ನುವುದನ್ನು ನಗರದ ಪ್ಲಾನಿಂಗ್ ಇಲಾಖೆ ನಕ್ಷೆಯಲ್ಲೇ ಹಾಕಿದೆ, ದೂರು ನಗರದ ಸಹಾಯವಾಣಿ 311ಕ್ಕೆ. ಆದರೆ ತೆರೆದಿರಬೇಕು ಅನ್ನುವುದು ಬೇರೆ, ಸೈಕಲ್ ಬಿಡಬೇಕು ಅನ್ನುವುದು ಬೇರೆ. ಅಲ್ಲಿನ ಮಾಲೀಕರೂ ನಡವಳಿಕೆಯ ನಿಯಮ ಹಾಕಬಹುದು, ಅದು ವಿವೇಕದ ಮಿತಿಯಲ್ಲಿ ಇರಬೇಕು ಅಷ್ಟೇ. 24 ಗಂಟೆ ತೆರೆದಿರಲೇಬೇಕಾದ ಜುಕೋಟಿ ಪಾರ್ಕ್‌ನಲ್ಲೂ ಡೇರೆ ಹಾಕಬಾರದು ಅನ್ನುವ ಮಾಲೀಕರ ನಿಯಮ 2011ರ ನವೆಂಬರ್‌ನಲ್ಲಿ ಕೋರ್ಟ್‌ನಲ್ಲಿ ನಿಂತಿತು.

ಹಂತ 3: ಬೋರ್ಡ್ ಓದಲು ಕಲಿಯಿರಿ

"ಅತಿಕ್ರಮಿಸಿದವರ ಮೇಲೆ ಮೊಕದ್ದಮೆ" ಅನ್ನುವ ಬೋರ್ಡ್‌ಗೆ ಇಂಗ್ಲೆಂಡಿನಲ್ಲಿ ಹೆಚ್ಚಿನ ಕಡೆ ಹಲ್ಲಿಲ್ಲ. ಬರೀ ಅತಿಕ್ರಮ ಪ್ರವೇಶ ಅಲ್ಲಿ ಅಪರಾಧವಲ್ಲ, ಸಿವಿಲ್ ತಕರಾರು. ರೈಲ್ವೆ ಜಾಗದಂಥವು ಇದಕ್ಕೆ ಹೊರತು, ಅಲ್ಲಿ ನಿಜಕ್ಕೂ ಅಪರಾಧ. "ಸೈಕಲ್ ಸವಾರರು ಇಳಿಯಿರಿ" ಅನ್ನುವ ನೀಲಿ ಬೋರ್ಡ್ ರಸ್ತೆಯಲ್ಲಿದ್ದರೆ ಅದು ಬರೀ ಸಲಹೆ. ಅದೇ ಮಾತನ್ನು ಮಾಲೀಕರು ತಮ್ಮ ನೆಲದಲ್ಲಿ ಹಾಕಿದರೆ ಅದು ಅನುಮತಿಯ ಷರತ್ತು, ಮೀರಿದರೆ ನೀವು ಅತಿಕ್ರಮಿ. ಕೆಂಪು ಉಂಗುರದ ಒಳಗೆ ಸೈಕಲ್ ಚಿತ್ರ ಸಾರ್ವಜನಿಕ ರಸ್ತೆಯಲ್ಲಿ ಕಂಡರೆ ಅದರ ಹಿಂದೆ ಕೌನ್ಸಿಲ್ ಆದೇಶ ಇರುತ್ತದೆ, ಅದನ್ನು ಪಾಲಿಸಲೇಬೇಕು.

ನೆಲದಲ್ಲಿ ಹೂತ ಹಿತ್ತಾಳೆ ಫಲಕಗಳನ್ನೂ ನೋಡಿ. "ಈ ಜಾಗವನ್ನು ಸಾರ್ವಜನಿಕ ದಾರಿಯಾಗಿ ಬಿಟ್ಟುಕೊಟ್ಟಿಲ್ಲ" ಅಂತ ಬರೆದಿರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಸಿವಿಲ್ ಕೋಡ್‌ನ 1008ನೇ ಸೆಕ್ಷನ್ ಹೆಸರು ಹೇಳಿ ಇದೇ ಮಾತು ಇರುತ್ತದೆ. ಇದು ನಿಮ್ಮನ್ನು ತಡೆಯಲು ಅಲ್ಲ, ಬನ್ನಿ ಅಂತಲೇ ಇದರ ಅರ್ಥ. ಮುಂದೆ ಒಂದು ದಿನ ನೀವು ಹಕ್ಕು ಕೇಳಬಾರದು ಅಂತ ಹಾಕಿದ್ದು. ಕೊನೆಯ ಹಂತದಲ್ಲಿ ಇದು ಮತ್ತೆ ಬರುತ್ತದೆ.

ಹಂತ 4: ಯಾವಾಗ ಅಪರಾಧ ಆಗುತ್ತದೆ?

ಫುಟ್‌ಪಾತ್ ಮೇಲೆ ಸೈಕಲ್ ಓಡಿಸುವುದನ್ನು ನಿಷೇಧಿಸುವ 1835ರ ಹೈವೇ ಕಾಯ್ದೆಯ 72ನೇ ಸೆಕ್ಷನ್ ಇನ್ನೂ ಬದುಕಿದೆ, ಸ್ಥಳದಲ್ಲೇ 50 ಪೌಂಡ್ ದಂಡ. ಆದರೆ ಅದು ರಸ್ತೆ ಪಕ್ಕದ ಫುಟ್‌ಪಾತ್‌ಗೆ. ಎರಡು ಕಟ್ಟಡಗಳ ನಡುವಿನ ತೆರೆದ ಪ್ಲಾಜಾ ಸಾಮಾನ್ಯವಾಗಿ ಅದರೊಳಗೆ ಬರುವುದಿಲ್ಲ.

ನಿಜವಾಗಿ ಎಚ್ಚರ ಬೇಕಾದದ್ದು 2014ರ ಸಮಾಜಘಾತುಕ ವರ್ತನೆ ಕಾಯ್ದೆಯ ಕೆಳಗೆ ಕೌನ್ಸಿಲ್ ಹೊರಡಿಸುವ ಸಾರ್ವಜನಿಕ ಸ್ಥಳ ರಕ್ಷಣಾ ಆದೇಶಗಳ ಬಗ್ಗೆ. ಈ ಕಾಯ್ದೆಗೆ ಜಾಗ ಖಾಸಗಿಯೋ ಸರ್ಕಾರದ್ದೋ ಬೇಕಿಲ್ಲ. ಜನ ಹಕ್ಕಿನಿಂದಲೋ ಅನುಮತಿಯಿಂದಲೋ ಬರುವ ಯಾವ ಜಾಗವೂ ಅದರ ಲೆಕ್ಕದಲ್ಲಿ ಸಾರ್ವಜನಿಕ ಸ್ಥಳವೇ, ಮಾತಿನಲ್ಲಿ ಹೇಳದ ಅನುಮತಿಯೂ ಸಾಕು. ಗ್ರಿಮ್ಸ್‌ಬಿ, ಮ್ಯಾನ್ಸ್‌ಫೀಲ್ಡ್‌ನಂಥ ಊರುಗಳು ಪೇಟೆ ನಡುವೆ ಸೈಕಲ್ ಓಡಿಸುವುದನ್ನು ತಡೆಯಲು ಇದನ್ನೇ ಬಳಸಿವೆ. ಕಾಯ್ದೆ ಬಂದಾಗ ಸ್ಥಳದ ದಂಡ ಗರಿಷ್ಠ 100 ಪೌಂಡ್, ಕೋರ್ಟಿಗೆ ಹೋದರೆ 1,000 ಪೌಂಡ್ ತನಕ ಅಂತ ಇಟ್ಟಿದ್ದರು. ಒಂದು ಆದೇಶ ಒಂದು ಸಲಕ್ಕೆ ಹೆಚ್ಚೆಂದರೆ 3 ವರ್ಷ, ಆಮೇಲೆ ವಿಸ್ತರಿಸಬೇಕು. ಆದ್ದರಿಂದ ಬೋರ್ಡ್ ಮೇಲಿನ ದಿನಾಂಕ ನೋಡಿ. ಅವಧಿ ಮುಗಿದ ಆದೇಶದ ಬೋರ್ಡ್ ಇಳಿಸಲು ಯಾರಿಗೂ ಅವಸರ ಇರುವುದಿಲ್ಲ. ಆದೇಶವನ್ನೇ ಪ್ರಶ್ನಿಸಬೇಕು ಅಂದರೆ ಹೊರಬಂದ 6 ವಾರದೊಳಗೆ ಹೈಕೋರ್ಟ್‌ಗೆ ಹೋಗಬೇಕು.

ಕೌನ್ಸಿಲ್‌ನ ಬೈಲಾ (ಸ್ಥಳೀಯ ನಿಯಮ) ಇದ್ದರೆ ಅದನ್ನು ಮುರಿಯುವುದೂ ಅಪರಾಧವೇ. ಇನ್ನು ಅಡ್ಡಾದಿಡ್ಡಿ ಓಡಿಸುವುದಕ್ಕೆ ಯಾವ ನೆಲವೂ ರಕ್ಷಣೆ ಕೊಡುವುದಿಲ್ಲ. 1988ರ ರಸ್ತೆ ಸಂಚಾರ ಕಾಯ್ದೆಯ ಅಜಾಗರೂಕ ಸವಾರಿಯ ಸೆಕ್ಷನ್‌ಗೆ "ರಸ್ತೆ" ಬೇಕು, ಅಂದರೆ ಜನರಿಗೆ ತೆರೆದಿರುವ ಖಾಸಗಿ ರಸ್ತೆಯೂ ಸೇರಿ. ಆದರೆ 1861ರ ಹಳೆ ಕಾಯ್ದೆಯೊಂದರ 35ನೇ ಸೆಕ್ಷನ್‌ಗೆ ರಸ್ತೆಯೂ ಬೇಡ. ಹುಚ್ಚಾಪಟ್ಟೆ ಓಡಿಸಿ ಯಾರಿಗಾದರೂ ಪೆಟ್ಟಾದರೆ 2 ವರ್ಷದ ತನಕ ಜೈಲು, ಜಾಗ ಯಾರದ್ದೇ ಆಗಿರಲಿ. ಕುಡಿದು ಸೈಕಲ್ ಓಡಿಸುವ ಅಪರಾಧವೂ ರಸ್ತೆಗಷ್ಟೇ ಅಲ್ಲ, ಇತರ ಸಾರ್ವಜನಿಕ ಸ್ಥಳಕ್ಕೂ ಅನ್ವಯ.

ಎಲೆಕ್ಟ್ರಿಕ್ ಸೈಕಲ್ ಇರುವವರಿಗೆ ಒಂದು ಮಾತು. ಮೋಟಾರ್ 250 ವ್ಯಾಟ್ ಒಳಗಿದ್ದು, ಗಂಟೆಗೆ 15.5 ಮೈಲಿ ದಾಟಿದ ಮೇಲೆ ಸಹಾಯ ನಿಂತು, ಪೆಡಲ್ ತುಳಿಯುವ ಗಾಡಿಯಾಗಿದ್ದರೆ ಬ್ರಿಟನ್‌ನಲ್ಲಿ ಅದು ಸೈಕಲ್ಲೇ. ಅದನ್ನು ಮೀರಿದರೆ ಮೋಟಾರ್ ವಾಹನ. ವಿಮೆ ಇಲ್ಲದೆ ಸಾರ್ವಜನಿಕ ಸ್ಥಳದಲ್ಲಿ ಓಡಿಸಿದ್ದಕ್ಕೆ ಕೇಸ್ ಬೀಳುತ್ತದೆ, ಪ್ಲಾಜಾ ಖಾಸಗಿ ಅನ್ನುವ ವಾದ ಅಲ್ಲಿ ಕೆಲಸ ಮಾಡುವುದಿಲ್ಲ.

ಹಂತ 5: ಗಾರ್ಡ್ ನಿಲ್ಲಿಸಿದಾಗ

ನಿಲ್ಲಿ. ಇದು ಕಾನೂನಿಗಿಂತ ಬುದ್ಧಿವಂತಿಕೆಯ ಮಾತು.

ಗಾರ್ಡ್ ಮಾಲೀಕರ ಪರವಾಗಿ ನಿಮ್ಮ ಅನುಮತಿಯನ್ನು ವಾಪಸ್ ಪಡೆಯಬಹುದು. ಇಳಿಯಿರಿ, ಹೊರಗೆ ಹೋಗಿ ಅನ್ನಬಹುದು. ಹೋಗಲು ಸಮಯ ಕೊಟ್ಟೂ ನೀವು ಒಪ್ಪದಿದ್ದರೆ ಎಷ್ಟು ಬೇಕೋ ಅಷ್ಟೇ ಬಲ ಬಳಸಿ ಹೊರಗೆ ಕಳಿಸಬಹುದು. ಅದಕ್ಕಿಂತ ಮುಂದೆ ಅವರ ಅಧಿಕಾರ ಬಹಳ ತೆಳು. ಬರೀ ಸೈಕಲ್ ಓಡಿಸಿದ್ದಕ್ಕೆ ನಿಮ್ಮನ್ನು ಹಿಡಿದಿಡುವಂತಿಲ್ಲ. ಸಾಮಾನ್ಯ ಜನರು ಮಾಡಬಹುದಾದ ಬಂಧನ ಗಂಭೀರ ವರ್ಗದ ಅಪರಾಧಗಳಿಗೆ ಮಾತ್ರ, ಅತಿಕ್ರಮ ಪ್ರವೇಶ ಅದರಲ್ಲಿ ಇಲ್ಲ. ಸೈಕಲ್ ಕಿತ್ತಿಟ್ಟುಕೊಳ್ಳುವಂತಿಲ್ಲ. ದಂಡ ಹಾಕುವಂತಿಲ್ಲ, ಒಂದು ಅಪವಾದ ಬಿಟ್ಟು: 2002ರ ಪೊಲೀಸ್ ಸುಧಾರಣಾ ಕಾಯ್ದೆಯ ಕೆಳಗೆ ಪೊಲೀಸರಿಂದ ಮಾನ್ಯತೆ ಪಡೆದ ಸಿಬ್ಬಂದಿ ಮತ್ತು ಕೌನ್ಸಿಲ್ ಅಧಿಕಾರ ಕೊಟ್ಟವರು ಕೆಲವು ದಂಡ ಹಾಕಬಹುದು.

ಹಾಗಾಗಿ ಕೇಳಬೇಕಾದ್ದು ಇಷ್ಟು: ನೀವು ಯಾರ ಪರವಾಗಿ ಹೇಳುತ್ತಿದ್ದೀರಿ? ಇದು ಮಾಲೀಕರ ನಿಯಮವೋ ಕೌನ್ಸಿಲ್ ಆದೇಶವೋ? ನಿಯಮ ಎಲ್ಲಿ ಬರೆದಿದೆ? ಗಾರ್ಡ್‌ಗಳ ಲೈಸೆನ್ಸ್ ಕಾಣುವ ಹಾಗೆ ಇರಬೇಕು, ಅದನ್ನು ನೋಡಿಕೊಳ್ಳಿ. ದನಿ ಏರಿಸಬೇಡಿ. ನಿಯಮ ಮಾಡಿದವರು ಎಲ್ಲೋ ಎಸಿ ರೂಮಿನಲ್ಲಿದ್ದಾರೆ, ಮಳೆಯಲ್ಲಿ ನಿಂತಿರುವ ಈ ಮನುಷ್ಯನಿಗೆ ಅದನ್ನು ಬದಲಿಸುವ ಶಕ್ತಿ ಇಲ್ಲ.

ಹೆಸರು, ವಿಳಾಸ ಕೊಡಬೇಕಾ? ಬರೀ ಅತಿಕ್ರಮಕ್ಕೆ ಗಾರ್ಡ್‌ಗೆ ಕೊಡಬೇಕಿಲ್ಲ. ಆದರೆ ರಸ್ತೆ ಅನ್ನಿಸಿಕೊಳ್ಳುವ ಜಾಗದಲ್ಲಿ ನೀವು ಅಪಾಯಕಾರಿಯಾಗಿ ಅಥವಾ ಅಜಾಗರೂಕವಾಗಿ ಓಡಿಸಿದಿರಿ ಅನ್ನುವ ಆರೋಪ ಇದ್ದರೆ ಲೆಕ್ಕ ಬದಲಾಗುತ್ತದೆ. 1988ರ ಕಾಯ್ದೆಯ 168ನೇ ಸೆಕ್ಷನ್ ಪ್ರಕಾರ ಸಕಾರಣ ಇರುವ ಯಾರು ಕೇಳಿದರೂ ಕೊಡಬೇಕು, ಪೊಲೀಸರೇ ಆಗಬೇಕಿಲ್ಲ.

ಸಿಟ್ಟಿಗೆ ನೂರು ಜನ ಸೇರಿಸಿ ಪ್ಲಾಜಾದಲ್ಲಿ ಸೈಕಲ್ ಜಾಥಾ ಮಾಡೋಣ ಅನ್ನುವವರೂ ಇದ್ದಾರೆ. ಅಲ್ಲಿನವರ ಕೆಲಸಕ್ಕೆ ಅಡ್ಡಿ ಮಾಡುವ ಉದ್ದೇಶ ಸೇರಿದರೆ 1994ರ ಕ್ರಿಮಿನಲ್ ನ್ಯಾಯ ಮತ್ತು ಸಾರ್ವಜನಿಕ ಸುವ್ಯವಸ್ಥೆ ಕಾಯ್ದೆಯ 68ನೇ ಸೆಕ್ಷನ್ ಬರುತ್ತದೆ. ಸಿವಿಲ್ ಆಗಿದ್ದ ಅತಿಕ್ರಮ ಆಗ ಕ್ರಿಮಿನಲ್ ಆಗುತ್ತದೆ.

ಹಂತ 6: ಇಳಿದು ತಳ್ಳುವುದು, ಇಳಿಯಲು ಆಗದವರು

ಇಳಿದು ತಳ್ಳಿಕೊಂಡು ಹೋದರೆ ಹೆಚ್ಚಿನ ಕಡೆ ನೀವು ಪಾದಚಾರಿ. 1980ರ ಕ್ರ್ಯಾಂಕ್ ಮತ್ತು ಬ್ರೂಕ್ಸ್ ಪ್ರಕರಣದಲ್ಲಿ ಜೀಬ್ರಾ ಕ್ರಾಸಿಂಗ್ ಮೇಲೆ ಸೈಕಲ್ ತಳ್ಳುತ್ತಿದ್ದವರನ್ನು ಕೋರ್ಟ್ ಪಾದಚಾರಿ ಅಂತಲೇ ಪರಿಗಣಿಸಿತು. ಒಂದು ಕಾಲು ಪೆಡಲ್ ಮೇಲಿಟ್ಟು ಜಾರಿಕೊಂಡು ಹೋಗುವುದು ತಳ್ಳುವುದಲ್ಲ.

ಎಲ್ಲರಿಗೂ ಇಳಿಯಲು ಆಗುವುದಿಲ್ಲ. ನಡೆಯಲು ಕಷ್ಟ, ಆದರೆ ಸೈಕಲ್ ತುಳಿಯಲು ಆಗುತ್ತದೆ ಅನ್ನುವವರು ಬಹಳ ಜನ ಇದ್ದಾರೆ. ಮೂರು ಗಾಲಿಯ ಸೈಕಲ್, ಕೈಯಿಂದ ತಿರುಗಿಸುವ ಸೈಕಲ್ ಅವರ ಕಾಲೇ ಆಗಿರುತ್ತದೆ. ಅಂಥವರಿಗೆ "ಇಳೀರಿ" ಅನ್ನುವುದು ಅಂದರೆ "ಬರಬೇಡಿ" ಅಂದ ಹಾಗೆ. 2010ರ ಸಮಾನತೆ ಕಾಯ್ದೆ ಜನರಿಗೆ ಸೇವೆ ಒದಗಿಸುವ ಖಾಸಗಿಯವರ ಮೇಲೂ ಹೊಣೆ ಹಾಕುತ್ತದೆ. ಅಂಗವಿಕಲರಿಗೆ ತೊಂದರೆಯಾಗುವ ನಿಯಮವನ್ನು ಸಾಧ್ಯವಿದ್ದಷ್ಟು ಸಡಿಲಿಸಬೇಕು. ಬಾಯಲ್ಲಿ ವಾದ ಮಾಡುವುದಕ್ಕಿಂತ ಎಸ್ಟೇಟ್ ಮ್ಯಾನೇಜರ್‌ಗೆ, ಅಂದರೆ ಮಾಲೀಕರ ಪರವಾಗಿ ಆ ಜಾಗ ನೋಡಿಕೊಳ್ಳುವವರಿಗೆ, ಮುಂಚಿತವಾಗಿ ಪತ್ರ ಬರೆದು, ಸೈಕಲ್ ನನ್ನ ಓಡಾಟದ ಸಾಧನ, ಈ ನಿಯಮದಿಂದ ನನಗೆ ವಿನಾಯಿತಿ ಕೊಡಿ ಅಂತ ಲಿಖಿತ ಉತ್ತರ ತರಿಸಿಕೊಳ್ಳಿ. ಉತ್ತರದ ಒಂದು ಪ್ರತಿ ಫೋನಿನಲ್ಲಿ ಇರಲಿ. ವೀಲ್ಸ್ ಫಾರ್ ವೆಲ್‌ಬೀಯಿಂಗ್ ಅನ್ನುವ ಸಂಸ್ಥೆ ಈ ವಿಷಯದಲ್ಲೇ ಕೆಲಸ ಮಾಡುತ್ತದೆ.

ಹಂತ 7: ಬಿದ್ದರೆ, ಗುದ್ದಿದರೆ

ಇಲ್ಲಿ ಕಾನೂನು ಸ್ವಲ್ಪ ತಲೆಕೆಳಗಾಗಿದೆ. ಅನುಮತಿಯ ಮೇಲೆ ಬಂದವರಿಗೆ ಮಾಲೀಕರು ಒಳ್ಳೆಯ ಕಾಳಜಿ ತೋರಿಸಬೇಕು, ಜಾಗದ ಒಡೆಯರ ಹೊಣೆ ಕುರಿತ 1957ರ ಕಾಯ್ದೆ ಹಾಗೆ ಹೇಳುತ್ತದೆ. ಅತಿಕ್ರಮಿಸಿದವರಿಗೂ ಅದೇ ವಿಷಯದ 1984ರ ಕಾಯ್ದೆಯಲ್ಲಿ ಸಣ್ಣ ಮಟ್ಟದ ರಕ್ಷಣೆ ಇದೆ. ಆದರೆ ಸಾರ್ವಜನಿಕ ದಾರಿಯ ಹಕ್ಕಿನಿಂದ ಹೋಗುತ್ತಿರುವವರಿಗೆ ಗುಂಡಿಯ ವಿಷಯದಲ್ಲಿ ನೆಲದ ಮಾಲೀಕರ ಹೊಣೆ ಇನ್ನೂ ಕಡಿಮೆ! ಆ ದಾರಿ ಕೌನ್ಸಿಲ್ ನಿರ್ವಹಣೆಯಲ್ಲಿ ಇದ್ದರೆ ಕೌನ್ಸಿಲ್ ಅನ್ನು ಕೇಳಬೇಕು. ಆದ್ದರಿಂದ ಬಿದ್ದರೆ ಗುಂಡಿಯ ಫೋಟೋ ಜೊತೆ ಅಕ್ಕಪಕ್ಕದ ಬೋರ್ಡ್, ಫಲಕಗಳ ಫೋಟೋವನ್ನೂ ತೆಗೆಯಿರಿ. ನೀವು ಯಾವ ಲೆಕ್ಕದಲ್ಲಿ ಅಲ್ಲಿದ್ದಿರಿ ಅನ್ನುವುದು ಅದರಿಂದಲೇ ತೀರ್ಮಾನ ಆಗುತ್ತದೆ.

ನೀವೇ ಯಾರಿಗಾದರೂ ಗುದ್ದಿದರೆ ಪರಿಹಾರ ಕೊಡುವ ಹೊಣೆ ಎಲ್ಲ ನೆಲದಲ್ಲೂ ಒಂದೇ. ಸೈಕ್ಲಿಂಗ್ ಯುಕೆ ಅನ್ನುವ ಸಂಸ್ಥೆಯ ಸದಸ್ಯತ್ವದ ಜೊತೆ ಮೂರನೇ ವ್ಯಕ್ತಿ ವಿಮೆ ಬರುತ್ತದೆ, ಜನ ತುಂಬಿದ ಪ್ಲಾಜಾ ದಿನಾ ದಾಟುವವರಿಗೆ ಅದು ವ್ಯರ್ಥವಲ್ಲ.

ಸ್ಕಾಟ್ಲೆಂಡ್‌ನಲ್ಲಿ ಇದ್ದರೆ

ಮೇಲಿನ ಬಹಳಷ್ಟು ಅಲ್ಲಿ ತಿರುಗುಮುರುಗು. 2003ರ ಭೂ ಸುಧಾರಣಾ ಕಾಯ್ದೆ ಮೋಟಾರ್ ಇಲ್ಲದ ಎಲ್ಲ ಓಡಾಟಕ್ಕೆ, ಸೈಕಲ್ ಸೇರಿ, ಹೆಚ್ಚಿನ ಭೂಮಿಯಲ್ಲಿ ಹಕ್ಕನ್ನೇ ಕೊಟ್ಟಿದೆ, ಜವಾಬ್ದಾರಿಯಿಂದ ನಡೆದುಕೊಂಡರೆ ಸಾಕು. ಆದರೆ ಕಟ್ಟಡ ಮತ್ತು ಅದಕ್ಕೆ ಅಂಟಿದ ಅಂಗಳ ಈ ಹಕ್ಕಿನಿಂದ ಹೊರಗೆ. ಆಫೀಸ್ ಪ್ಲಾಜಾ ಅಂಗಳವೋ ಅಲ್ಲವೋ ಅನ್ನುವ ಜಗಳ ಅಲ್ಲಿ ಉಳಿದುಕೊಳ್ಳುತ್ತದೆ.

ಹಂತ 8: ನಿಯಮ ಬದಲಿಸಬೇಕು ಅಂದರೆ

ಮೊದಲು ಕೇಳಿ ನೋಡಿ. ಸುಮ್ನೆ ಕೇಳಿದ್ದಕ್ಕೇ ಬೆಳಿಗ್ಗೆ ಸಂಜೆ ಸೈಕಲ್ ಬಿಡುವ ಮಾಲೀಕರು ಇರಬಹುದು. ಇಂಗ್ಲೆಂಡಿನ ಕಾಲುವೆ ಪಕ್ಕದ ದಾರಿಗಳನ್ನೇ ನೋಡಿ. ಅವುಗಳಲ್ಲಿ ಹೆಚ್ಚಿನವು ಕೆನಾಲ್ ಅಂಡ್ ರಿವರ್ ಟ್ರಸ್ಟ್ ಅನ್ನುವ ಸಂಸ್ಥೆಯ ಅನುಮತಿಯ ಮೇಲೆ ನಡೆಯುವ ದಾರಿಗಳು, ಹಕ್ಕಿನ ದಾರಿಗಳಲ್ಲ. ಆದರೂ ದಿನಾ ಸೈಕಲ್ ಓಡುತ್ತವೆ. ಲಂಡನ್‌ನಲ್ಲಿ ಹೊಸ ಯೋಜನೆಯಾದರೆ 2021ರ ಪಬ್ಲಿಕ್ ಲಂಡನ್ ಚಾರ್ಟರ್ ಹೆಸರು ಎತ್ತಿ. ಸಾರ್ವಜನಿಕ ಜಾಗಗಳಲ್ಲಿ ನಿಯಮಗಳು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು ಅನ್ನುವುದು ಅದರ ತಿರುಳು. ಕಟ್ಟಡ ಇನ್ನೂ ಕಾಗದದ ಮೇಲಿರುವಾಗಲೇ ಪ್ಲಾನಿಂಗ್ ಅರ್ಜಿಗೆ ಆಕ್ಷೇಪಣೆ ಬರೆದು, ಸೈಕಲ್ ದಾರಿಯನ್ನು 106ರ ಒಪ್ಪಂದದಲ್ಲಿ ಸೇರಿಸಿ ಅಂತ ಕೇಳುವುದು ಎಲ್ಲಕ್ಕಿಂತ ಸುಲಭ. ಕಲ್ಲು ಹಾಸಿದ ಮೇಲೆ ಅದೇ ಕೆಲಸಕ್ಕೆ ಹತ್ತು ಪಟ್ಟು ಶ್ರಮ.

ಹಳೆಯ ದಾರಿಯಾಗಿದ್ದರೆ ಇನ್ನೊಂದು ಬಾಗಿಲಿದೆ. 1980ರ ಹೈವೇಸ್ ಕಾಯ್ದೆಯ 31ನೇ ಸೆಕ್ಷನ್ ಪ್ರಕಾರ ಜನ 20 ವರ್ಷ ತಡೆಯಿಲ್ಲದೆ, ಬಲವಂತ ಮಾಡದೆ, ಕದ್ದುಮುಚ್ಚದೆ, ಯಾರ ಅನುಮತಿಯೂ ಇಲ್ಲದೆ ಒಂದು ದಾರಿಯನ್ನು ಬಳಸಿದರೆ ಅದು ಸಾರ್ವಜನಿಕ ದಾರಿ ಆಗಿದೆ ಅಂತ ಭಾವಿಸಲಾಗುತ್ತದೆ. 2006ರ ತಿದ್ದುಪಡಿಯ ನಂತರ ಸೈಕಲ್ ಬಳಕೆಯೂ ಇದಕ್ಕೆ ಲೆಕ್ಕಕ್ಕೆ ಬರುತ್ತದೆ. ಎಲ್ಲೆಂದರಲ್ಲಿ ಸುತ್ತಾಡಿದ್ದು ಸಾಲದು, ಇಲ್ಲಿಂದ ಇಲ್ಲಿಗೆ ಅನ್ನುವ ಒಂದು ಗೆರೆ ಇರಬೇಕು.

ಮಾಲೀಕರು ಇದನ್ನು ತಪ್ಪಿಸಲು ಏನು ಮಾಡುತ್ತಾರೆ ಅಂತ ಈಗ ಅರ್ಥವಾಗುತ್ತದೆ. ಫಲಕ ಹಾಕುತ್ತಾರೆ, ಕೌನ್ಸಿಲ್‌ಗೆ ಘೋಷಣೆ ಸಲ್ಲಿಸುತ್ತಾರೆ, ಇಲ್ಲವೇ ವರ್ಷಕ್ಕೆ ಒಂದು ದಿನ ದಾರಿ ಮುಚ್ಚುತ್ತಾರೆ. ನ್ಯೂಯಾರ್ಕ್‌ನ ರಾಕ್‌ಫೆಲರ್ ಪ್ಲಾಜಾ ಬೀದಿಯನ್ನು ವರ್ಷಕ್ಕೊಮ್ಮೆ ಮುಚ್ಚುವ ರೂಢಿ ಬಂದದ್ದೂ ಇದೇ ಲೆಕ್ಕಾಚಾರದಿಂದ. ಇದರಲ್ಲೊಂದು ಇಕ್ಕಟ್ಟಿದೆ. "ಸೈಕಲ್‌ಗೆ ಅನುಮತಿ ಇದೆ" ಅನ್ನುವ ಬೋರ್ಡ್ ಹಾಕಿಸಿಕೊಂಡ ದಿನದಿಂದ ನಿಮ್ಮ 20 ವರ್ಷದ ಎಣಿಕೆ ನಿಲ್ಲುತ್ತದೆ, ಯಾಕೆಂದರೆ ಆಮೇಲೆ ನೀವು ಅನುಮತಿಯ ಮೇಲೆ ಬಂದವರು. ಮಾಲೀಕರಿಗೆ ಪತ್ರ ಬರೆಯುವ ಮುಂಚೆ ಆ ದಾರಿ ಎಷ್ಟು ಹಳೆಯದು ಅಂತ ವಿಚಾರಿಸಿ. ಹದಿನೆಂಟು ವರ್ಷದಿಂದ ಜನ ಓಡಿಸುತ್ತಿರುವ ದಾರಿಯಾದರೆ ಅನುಮತಿ ಕೇಳಬೇಡಿ. ಇಪ್ಪತ್ತು ದಾಟಿದ್ದರೆ ಬಳಸಿದವರ ಹೇಳಿಕೆಗಳನ್ನು ಕೌನ್ಸಿಲ್‌ನ ನಮೂನೆಯಲ್ಲೇ ತುಂಬಿಸಿ, ಹಳೆಯ ಫೋಟೋಗಳನ್ನು ಸೇರಿಸಿ, 1981ರ ವನ್ಯಜೀವಿ ಮತ್ತು ಕಂಟ್ರಿಸೈಡ್ ಕಾಯ್ದೆಯ 53ನೇ ಸೆಕ್ಷನ್ ಕೆಳಗೆ ಸಾರ್ವಜನಿಕ ದಾರಿಗಳ ಅಧಿಕೃತ ನಕ್ಷೆಯ ತಿದ್ದುಪಡಿಗೆ ಅರ್ಜಿ ಹಾಕಿ. ಲಂಡನ್ ಒಳಭಾಗದಲ್ಲಿ ಆ ನಕ್ಷೆಯೇ ಇಲ್ಲದ ಕಡೆ ಅದೇ ಕಾಗದಪತ್ರಗಳನ್ನು ಬರೋ ಕೌನ್ಸಿಲ್‌ನ ರಸ್ತೆ ವಿಭಾಗಕ್ಕೆ ಕಳಿಸಿ.